ಕರೆದಾಗ ಓಗೊಡುವವರಾರು?

ಕಮಲಾಪುರದ ಕೆರೆಯ ಏರಿಯ ಮೇಲೆ ಸಂಜೆಯ ತಂಪು ಹೊತ್ತಿನಲ್ಲಿ ತಿರುಗಾಡುವ ಹಿರಿಯರು ಇಂದಿಗೂ ಉಂಟು. ವಿಜಯನಗರದ ಅರಸರ ಕಾಲದಿಂದ ನೀರು ಹಿಡಿದು ನಿಂತಿರುವ ಆ ಕೆರೆಯ ಬಳಿಯಲ್ಲಿ ಹೊಸಪೇಟೆಯಿಂದ ಹಂಪೆಗೆ ಹೋಗುವ ಯಾತ್ರಿಕರ ವಾಹನಗಳ ಸದ್ದು ನಿಲ್ಲುವುದೇ ಇಲ್ಲ. ಸುತ್ತಮುತ್ತ ಕಾಲುವೆಯ ನೀರುಂಡು ಬೆಳೆದ ಬಾಳೆ, ಕಬ್ಬು, ಭತ್ತಗಳ ಹಸುರು. ಕಳೆದ ಬೇಸಗೆಯಲ್ಲಿ ನಾವು ಆ ಊರಿಗೆ ಹೋಗಿದ್ದಾಗ, ಬಹುಕಾಲದಿಂದ ಪರಿಚಿತರಾದ ಒಬ್ಬ ನಿವೃತ್ತ ಉಪಾಧ್ಯಾಯರು ಏರಿಯ ಮೇಲೆ ನಮ್ಮೊಡನೆ ನಡೆಯುತ್ತಿದ್ದವರು ತಟ್ಟನೆ ನಿಂತು ಒಂದು ಪ್ರಶ್ನೆಯನ್ನು ಕೇಳಿದರು.

"ನಮ್ಮ ಅಕ್ಕನನ್ನು ವೃದ್ಧಾಶ್ರಮಕ್ಕೆ ಸೇರಿಸಬೇಕೆಂದು ಮನೆಯಲ್ಲಿ ಮಾತಾಗಿದೆ. ಆಶ್ರಮಗಳೇನೋ ಹಲವು ಇವೆ. ಪ್ರತಿಯೊಬ್ಬರೂ ತಮ್ಮದೇ ಉತ್ತಮವೆನ್ನುತ್ತಾರೆ. ಅವುಗಳಲ್ಲಿ ಒಳ್ಳೆಯದು ಯಾವುದೆಂದು ಗುರುತಿಸುವುದು ಹೇಗೆ?"

ಅವರ ಅಕ್ಕನಿಗೆ ೮೧ ವರ್ಷ. ಮಕ್ಕಳಿಲ್ಲದ ವಿಧವೆ. ತಮ್ಮನಿಗೇ ೭೪ ದಾಟಿದೆ. ಆತನ ಪತ್ನಿಗೆ ಮೊಣಕಾಲು ನೋವು. ಒಬ್ಬ ಮಗ ಬೆಂಗಳೂರಿನಲ್ಲಿ, ಇನ್ನೊಬ್ಬನು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ. ಹಗಲು ರಾತ್ರಿಯೆನ್ನದೆ ಎತ್ತಿ ಇಳಿಸಬೇಕಾದ ಮುದುಕಿಯೊಬ್ಬಳನ್ನು ಇಬ್ಬರು ಮುದುಕರು ನೋಡಿಕೊಳ್ಳುವುದೆಂತು? ಪ್ರಶ್ನೆ ಸಹಜವಾದುದು, ಆದರೆ ನಮಗೆ ಕೂಡಲೆ ಉತ್ತರ ಹೇಳಲು ಆಗಲಿಲ್ಲ. ಅದಕ್ಕೆ ಕಾರಣವೂ ಇದ್ದಿತು. ಅದನ್ನು ಮುಂದೆ ಹೇಳುವೆವು. ಅಂದು ಹೇಳಲಾಗದೆ ಹೋದುದನ್ನು ಇಂದು ನಮ್ಮ ವಾಚಕರೆಲ್ಲರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಅಪಕೀರ್ತಿಯ ಮಾತಲ್ಲ

ಮೊದಲು ಒಂದು ಸಂಕೋಚವನ್ನು ಬಗೆಹರಿಸಿಕೊಳ್ಳಬೇಕು. ತಂದೆತಾಯಿಗಳನ್ನು ಕಾವಡಿಯಲ್ಲಿ ಹೊತ್ತು ನಡೆದ ಶ್ರವಣಕುಮಾರನ ಕಥೆಯನ್ನು ಕೇಳುತ್ತ ಬೆಳೆದ ನಮ್ಮ ಜನರಿಗೆ ವೃದ್ಧಾಶ್ರಮವೆಂಬ ಹೆಸರೇ ಕಿವಿಗೆ ಕಹಿ. ಮನೆಯ ಹಿರಿಯರನ್ನು ಅಲ್ಲಿ ಬಿಟ್ಟವರು ಅದನ್ನು ನೆರೆಹೊರೆಯವರಿಗೆ ಹೇಳಲಾರರು. ಹೇಳದ ಕಾರಣದಿಂದ ಯಾರೊಡನೆಯೂ ವಿಚಾರಿಸಲಾರರು. ವಿಚಾರಿಸದ ಕಾರಣದಿಂದ ಮೊದಲು ಸಿಕ್ಕಿದ ಬಾಗಿಲನ್ನೇ ತಟ್ಟಿ ಒಳಗೆ ಬಿಟ್ಟು ಬರುವರು. ಹೀಗೆ ಸಂಕೋಚವೇ ಎಷ್ಟೋ ಅನರ್ಥಗಳಿಗೆ ಮೂಲವಾಗುತ್ತದೆ.

ಕಾಲವು ಬದಲಾಗಿರುವುದಂತೂ ನಿಶ್ಚಯ. ೨೦೧೧ರ ಜನಗಣತಿಯಲ್ಲಿ ಭಾರತದಲ್ಲಿ ೬೦ ವರ್ಷ ತುಂಬಿದವರ ಸಂಖ್ಯೆ ೧೦ ಕೋಟಿಯನ್ನು ಮೀರಿದ್ದಿತು. ನಮ್ಮ ಕರ್ನಾಟಕವೊಂದರಲ್ಲೇ ಅವರು ಸುಮಾರು ೫೮ ಲಕ್ಷ. ಆಯುಸ್ಸು ಹೆಚ್ಚಿತು, ಮಕ್ಕಳ ಸಂಖ್ಯೆ ಕಡಮೆಯಾಯಿತು, ಇದ್ದ ಮಕ್ಕಳು ಉದ್ಯೋಗಕ್ಕಾಗಿ ದೂರ ಹೋದರು. ಇದರಲ್ಲಿ ಯಾರ ಅಪರಾಧವೂ ಇಲ್ಲ. ಒಬ್ಬಂಟಿಯಾಗಿ ಬೀಗ ಹಾಕಿದ ಮನೆಯಲ್ಲಿ ಇರುವುದಕ್ಕಿಂತಲೂ, ದಣಿದು ಸಿಡುಕುವ ಬಂಧುಗಳ ಕೈಯಲ್ಲಿ ಸಿಕ್ಕುವುದಕ್ಕಿಂತಲೂ ಒಳ್ಳೆಯ ಆಶ್ರಮವೊಂದು ಎಷ್ಟೋ ಮೇಲು. ಆದರೆ 'ಒಳ್ಳೆಯ' ಎಂಬ ಆ ಒಂದು ಮಾತಿನಲ್ಲಿಯೇ ಎಲ್ಲವೂ ಅಡಗಿದೆ.

ಇಂತಹ ಮನೆಗಳ ಇತಿಹಾಸದಲ್ಲಿ ಒಂದು ಪ್ರಸಂಗವು ನೆನೆಯತಕ್ಕದ್ದಾಗಿದೆ. ೧೮೩೯ರಲ್ಲಿ ಫ್ರಾನ್ಸ್ ದೇಶದ ಬ್ರಿಟನಿ ಸೀಮೆಯಲ್ಲಿ ಜೀನ್ ಜುಗಾನ್ ಎಂಬ ಬಡ ಸ್ತ್ರೀಯು ದಿಕ್ಕಿಲ್ಲದ ಒಬ್ಬ ಕುರುಡು ಮುದುಕಿಯನ್ನು ತನ್ನ ವಾಸಕ್ಕೆ ಕರೆತಂದು, ತನ್ನ ಹಾಸಿಗೆಯನ್ನೇ ಆಕೆಗೆ ಬಿಟ್ಟುಕೊಟ್ಟಳು. ಅದರಿಂದ ಹುಟ್ಟಿದ ಸಂನ್ಯಾಸಿನಿಯರ ಸಂಘವು ೧೮೮೨ರಲ್ಲಿ ಕಲ್ಕತ್ತೆಗೂ, ೧೯೦೦ರಲ್ಲಿ ಬೆಂಗಳೂರಿಗೂ ಬಂದು ವೃದ್ಧರಿಗಾಗಿ ಮನೆಗಳನ್ನು ತೆರೆಯಿತು. ಇಂದು ಮಠಗಳೂ, ಧರ್ಮಸಂಸ್ಥೆಗಳೂ, ಸರ್ಕಾರದ ಧನಸಹಾಯ ಪಡೆದ ಸಂಘಗಳೂ, ತಿಂಗಳ ಶುಲ್ಕ ತೆಗೆದುಕೊಳ್ಳುವ ಖಾಸಗಿ ನಿವಾಸಗಳೂ ಈ ಕೆಲಸವನ್ನು ನಡೆಸುತ್ತಿವೆ. ಇವೆಲ್ಲಕ್ಕೂ ಆ ಮೊದಲನೆಯ ಹಾಸಿಗೆಯೇ ಅಳತೆಗೋಲಾಗಬೇಕು. ಆಕೆ ಕೊಟ್ಟುದು ಬರಿಯ ಸೂರಲ್ಲ. ರಾತ್ರಿ ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ ತಾನೂ ಮಲಗಿದ್ದಳೆಂಬುದನ್ನು ನಾವು ಮರೆಯಬಾರದು.

ನಮ್ಮ ಸೋದರತ್ತೆಯ ವಿಷಯ

ಇನ್ನು, ನಾವು ಕೂಡಲೆ ಉತ್ತರ ಕೊಡಲಾರದೆ ಹೋದ ಕಾರಣವನ್ನು ಹೇಳಬೇಕು.

ಕೆಲವು ವರ್ಷಗಳ ಹಿಂದೆ ನಮ್ಮ ಸೋದರತ್ತೆಯೊಬ್ಬರನ್ನು ಒಂದು ಪಟ್ಟಣದ ವೃದ್ಧಾಶ್ರಮಕ್ಕೆ ಸೇರಿಸಿದೆವು. ಸೇರಿಸುವ ಮುನ್ನ ನಾವೇ ಹೋಗಿ ನೋಡಿದ್ದೆವು. ಹೋದುದು ಹಗಲು ಹನ್ನೊಂದು ಗಂಟೆಗೆ, ಅದೂ ಮುಂಚಿತವಾಗಿ ತಿಳಿಸಿ. ಅಂಗಳದಲ್ಲಿ ಹೂವಿನ ಗಿಡಗಳಿದ್ದುವು, ದೇವರ ಕೋಣೆಯಲ್ಲಿ ದೀಪ ಉರಿಯುತ್ತಿದ್ದಿತು, ಅಡುಗೆಮನೆಯು ಚೊಕ್ಕಟವಾಗಿದ್ದಿತು, ವ್ಯವಸ್ಥಾಪಕರು ಕಾಫಿ ಕೊಟ್ಟು ಸೌಜನ್ಯದಿಂದ ಮಾತನಾಡಿದರು. ಪ್ರತಿಯೊಂದು ಮಂಚದ ತಲೆಗಡೆಯಲ್ಲಿಯೂ ಕರೆಗಂಟೆಯ ಗುಂಡಿಯಿದ್ದಿತು. ನಾವು ಸಂತೋಷಪಟ್ಟು ಹಣ ಕಟ್ಟಿ ಬಂದೆವು. ಬಚ್ಚಲುಮನೆಯನ್ನು ನೋಡಲಿಲ್ಲ. ರಾತ್ರಿ ಯಾರು ಇರುವರೆಂದು ಕೇಳಲಿಲ್ಲ.

ಏಳನೆಯ ತಿಂಗಳಿನಲ್ಲಿ ಒಂದು ರಾತ್ರಿ ಎರಡೂವರೆ ಗಂಟೆಯ ಹೊತ್ತಿಗೆ ಅತ್ತೆಯವರು ಬಚ್ಚಲಿಗೆ ಎದ್ದುಹೋದರು. ನೆಲವು ಒದ್ದೆಯಾಗಿದ್ದಿತು, ಹಿಡಿದುಕೊಳ್ಳಲು ಗೋಡೆಯಲ್ಲಿ ಏನೂ ಇರಲಿಲ್ಲ. ಬಿದ್ದರು. ಗಂಟೆಯ ಗುಂಡಿ ಮಂಚದ ಬಳಿಯಲ್ಲಿ, ಅವರು ಬಚ್ಚಲಿನ ನೆಲದ ಮೇಲೆ. ಮೂವತ್ತು ಮಂದಿ ವೃದ್ಧರಿಗೆ ರಾತ್ರಿಯಲ್ಲಿ ಇದ್ದವಳು ಒಬ್ಬಳೇ ದಾದಿ. ಅವಳು ಕೆಳಗಿನ ಅಂತಸ್ತಿನಲ್ಲಿ ಮಲಗಿದ್ದಳು. ಪಕ್ಕದ ಕೋಣೆಯ ವೃದ್ಧೆಗೆ ಕೂಗು ಕೇಳಿಸಿದರೂ ಅವರು ಎದ್ದು ನಡೆಯಲಾರದವರು. ಬೆಳಗಿನ ಐದೂವರೆಗೆ ನೀರು ಕಾಯಿಸಲು ಬಂದ ಹೆಂಗಸು ನೋಡುವವರೆಗೆ ಮೂರು ಗಂಟೆಗಳ ಕಾಲ ಅತ್ತೆಯವರು ಅಲ್ಲಿಯೇ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು. ಶಸ್ತ್ರಚಿಕಿತ್ಸೆಯಾಯಿತು; ಆದರೆ ಅವರು ಮತ್ತೆ ನಡೆಯಲಿಲ್ಲ. ನಾಲ್ಕು ತಿಂಗಳಲ್ಲಿ ತೀರಿಕೊಂಡರು.

ಕೊನೆಯ ದಿನಗಳಲ್ಲಿ ಅವರು ನೋವಿನ ಮಾತನ್ನು ಆಡಲಿಲ್ಲ. "ಎಷ್ಟು ಕೂಗಿದೆನಪ್ಪಾ" ಎಂದಷ್ಟೇ ಮತ್ತೆ ಮತ್ತೆ ಹೇಳುತ್ತಿದ್ದರು. ಆಶ್ರಮದವರನ್ನು ದೂರಲು ನಮಗೆ ಬಾಯಿ ಬರಲಿಲ್ಲ, ಏಕೆಂದರೆ ನೋಡತಕ್ಕದ್ದನ್ನು ನೋಡದೆ ಬಂದವರು ನಾವು.

ಅಪಾಯಗಳು ಯಾವುವು?

ಆ ಬಳಿಕ ಈ ವಿಷಯವನ್ನು ತಿಳಿದವರಿಂದ ಕೇಳಿಯೂ ಓದಿಯೂ ಅರಿತುಕೊಂಡುದನ್ನು ಇಲ್ಲಿ ಸಂಗ್ರಹಿಸಿ ಹೇಳುತ್ತೇವೆ.

ಮೊದಲನೆಯ ಅಪಾಯವು ಬೀಳುವುದು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು ೬ ಲಕ್ಷ ೮೪ ಸಾವಿರ ಜನರು ಬಿದ್ದು ಸಾಯುತ್ತಾರೆಂದೂ, ಅವರಲ್ಲಿ ಅರುವತ್ತು ದಾಟಿದವರೇ ಅಧಿಕವೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ವೃದ್ಧರ ಮೂಳೆ ಟೊಳ್ಳಾಗಿರುತ್ತದೆ, ಕಣ್ಣು ಮಂದವಾಗಿರುತ್ತದೆ, ಮಲಗಿದ್ದವರು ಒಮ್ಮೆಗೇ ಎದ್ದರೆ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ, ನಿದ್ರೆಗೂ ರಕ್ತದೊತ್ತಡಕ್ಕೂ ಕೊಡುವ ಔಷಧಗಳು ಇದನ್ನು ಹೆಚ್ಚಿಸುತ್ತವೆ. ಇದಕ್ಕೆ ಪ್ರತೀಕಾರವು ದೊಡ್ಡ ವೆಚ್ಚದ್ದೇನೂ ಅಲ್ಲ. ಜಾರದ ಒರಟು ನೆಲ, ಬಚ್ಚಲಲ್ಲಿಯೂ ಶೌಚಗೃಹದಲ್ಲಿಯೂ ಗೋಡೆಗೆ ಬಲವಾಗಿ ಕೂರಿಸಿದ ಹಿಡಿಗಂಬಿ, ಹೊಸ್ತಿಲಿಲ್ಲದ ಬಾಗಿಲು, ರಾತ್ರಿಯಿಡೀ ಉರಿಯುವ ಸಣ್ಣ ದೀಪ, ಕುಳಿತು ಸ್ನಾನ ಮಾಡಲು ಪೀಠ, ಬಿದ್ದವರ ಕೈಗೂ ಎಟುಕುವಂತೆ ನೆಲದವರೆಗೆ ಇಳಿಬಿಟ್ಟ ಗಂಟೆಯ ದಾರ: ಇವಿಷ್ಟು ಇದ್ದರೆ ಎಷ್ಟೋ ಸೊಂಟಗಳು ಉಳಿಯುತ್ತವೆ. ಕೇಂದ್ರ ಸರ್ಕಾರದ ವಸತಿ ಮಂತ್ರಾಲಯವು ೨೦೧೯ರಲ್ಲಿ ನಿವೃತ್ತರ ನಿವಾಸಗಳಿಗಾಗಿ ಪ್ರಕಟಿಸಿದ ಮಾದರಿ ಸೂತ್ರಗಳಲ್ಲಿಯೂ ಜಾರದ ನೆಲ, ಹಿಡಿಗಂಬಿ ಮೊದಲಾದುವುಗಳನ್ನು ಹೇಳಿದೆ.

ಎರಡನೆಯದು ಬೆಂಕಿ. ಕೆನಡಾ ದೇಶದ ಕ್ವಿಬೆಕ್ ಪ್ರಾಂತದ ಲಿಲ್-ವರ್ತ್ ಎಂಬ ಸಣ್ಣ ಊರಿನ ವೃದ್ಧರ ನಿವಾಸವೊಂದಕ್ಕೆ ೨೦೧೪ರ ಜನವರಿಯ ಕೊರೆಯುವ ಚಳಿಯ ರಾತ್ರಿಯಲ್ಲಿ ಬೆಂಕಿ ಬಿದ್ದು ೩೨ ಮಂದಿ ಮಡಿದರು. ಅವರಲ್ಲಿ ಹೆಚ್ಚಿನವರು ಆಧಾರವಿಲ್ಲದೆ ನಡೆಯಲಾರದವರು. ಕಟ್ಟಡದ ಹೊಸ ಭಾಗದಲ್ಲಿ ತಾನಾಗಿ ನೀರು ಚಿಮ್ಮುವ ಯಂತ್ರವಿದ್ದಿತು, ಅದು ಉಳಿಯಿತು. ಹಳೆಯ ಭಾಗದಲ್ಲಿ ಇರಲಿಲ್ಲ, ಅದು ಬೂದಿಯಾಯಿತು. ನಮ್ಮ ಕಡೆಯ ಸಣ್ಣ ಆಶ್ರಮಗಳಲ್ಲಿ ಅಂತಹ ಯಂತ್ರವನ್ನು ನಿರೀಕ್ಷಿಸಲಾಗದಿದ್ದರೂ ಇಷ್ಟನ್ನಾದರೂ ನೋಡಬಹುದು: ನಡೆಯಲಾರದವರನ್ನು ಮಹಡಿಯ ಮೇಲೆ ಇರಿಸಿರುವರೋ? ಹೊರಬಾಗಿಲಿಗೆ ರಾತ್ರಿ ಬೀಗ ಹಾಕಿ ಬೀಗದ ಕೈಯನ್ನು ಯಾರಾದರೂ ಮನೆಗೆ ಒಯ್ಯುವರೋ? ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು ಬಡಿದು ಒಂದೇ ದಾರಿಯನ್ನು ಉಳಿಸಿರುವರೋ? ಅಡುಗೆಯ ಅನಿಲದ ಸಿಲಿಂಡರು ಮಲಗುವ ಕೋಣೆಗೆ ಅಂಟಿಕೊಂಡಿದೆಯೋ?

ಮೂರನೆಯದು ನಮ್ಮ ಬಳ್ಳಾರಿ, ಹೊಸಪೇಟೆಯ ಸೀಮೆಗೆ ವಿಶೇಷವಾಗಿ ಸಂಬಂಧಪಟ್ಟುದು, ಎಂದರೆ ಬಿಸಿಲು. ಏಪ್ರಿಲ್ ಮೇ ತಿಂಗಳುಗಳಲ್ಲಿ ಇಲ್ಲಿ ಉಷ್ಣಮಾನವು ೪೦ ಡಿಗ್ರಿಯನ್ನು ಮುಟ್ಟುವುದು ಹೊಸದಲ್ಲ. ಹಂಪೆಯ ಬಂಡೆಗಳು ಹಗಲೆಲ್ಲ ಕಾದು ರಾತ್ರಿಯಲ್ಲಿಯೂ ಕಾವನ್ನು ಉಗುಳುತ್ತವೆ. ವೃದ್ಧರಿಗೆ ಬಾಯಾರಿಕೆ ತಿಳಿಯುವುದು ಕಡಮೆ. ಕೆಲವರು ರಾತ್ರಿ ಬಚ್ಚಲಿಗೆ ಏಳಬೇಕಾಗುವುದೆಂಬ ಭಯದಿಂದ ಬೇಕೆಂದೇ ನೀರು ಕುಡಿಯುವುದಿಲ್ಲ. ಫ್ರಾನ್ಸ್ ದೇಶದಲ್ಲಿ ೨೦೦೩ರ ಬೇಸಗೆಯ ಧಗೆಯಿಂದ ಸುಮಾರು ೧೫,೦೦೦ ಜನರು ಸತ್ತರು. ಅವರಲ್ಲಿ ಬಹುಮಂದಿ ವೃದ್ಧರೇ. ಅಂದಿನಿಂದ ಆ ದೇಶದ ವೃದ್ಧಾಶ್ರಮಗಳಲ್ಲಿ ತಂಪುಗೊಳಿಸಿದ ಒಂದು ಕೋಣೆಯಾದರೂ ಇರಬೇಕೆಂದು ನಿಯಮವಾಯಿತು. ಹಿಮ ಬೀಳುವ ದೇಶದಲ್ಲಿಯೇ ಹೀಗಾದರೆ, ತಗಡಿನ ಛಾವಣಿಯ ಕೆಳಗೆ ಬೇಸಗೆ ಕಳೆಯುವ ನಮ್ಮ ಹಿರಿಯರ ಗತಿಯೇನು? ಕೇಳದಿದ್ದರೂ ಹೊತ್ತುಹೊತ್ತಿಗೆ ಲೋಟವನ್ನು ಕೈಗೆ ಕೊಟ್ಟು ಮಜ್ಜಿಗೆಯನ್ನೋ ಪಾನಕವನ್ನೋ ಕುಡಿಸುವ ಪದ್ಧತಿಯಿರುವ ಆಶ್ರಮವೇ ಈ ಸೀಮೆಗೆ ತಕ್ಕುದು.

ನಾಲ್ಕನೆಯದು ಕಣ್ಣಿಗೆ ಬೀಳದ ಉಪೇಕ್ಷೆ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಾಯಿಸಿ ಮಲಗಿಸುವುದು ದಾದಿಯರಿಗೆ ಕಲಿಸುವ ಹಳೆಯ ಕ್ರಮ. ಅದು ತಪ್ಪಿದರೆ ಬೆನ್ನಿನ ಕೆಳಭಾಗದಲ್ಲಿಯೂ ಹಿಮ್ಮಡಿಯಲ್ಲಿಯೂ ಚರ್ಮವು ಕೆಂಪಾಗಿ, ಒಡೆದು, ಹುಣ್ಣಾಗಿ, ಕೊನೆಗೆ ಪ್ರಾಣಕ್ಕೇ ಎರವಾಗುತ್ತದೆ. ಒಬ್ಬರ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡುವುದು, ಗಲಾಟೆ ಮಾಡದಿರಲೆಂದು ನಿದ್ರೆಯ ಔಷಧವನ್ನು ಹೆಚ್ಚಿಸುವುದು, ಮರೆವಿನ ರೋಗವುಳ್ಳವರನ್ನು ಮಂಚಕ್ಕೆ ಕಟ್ಟುವುದು, ಹಲ್ಲಿಲ್ಲದವರಿಗೆ ಗಟ್ಟಿ ರೊಟ್ಟಿಯನ್ನು ಇಟ್ಟು ಉಣ್ಣಲಿಲ್ಲವೆಂದು ತಟ್ಟೆಯನ್ನು ಒಯ್ಯುವುದು, ಇವೆಲ್ಲವೂ ಇದೇ ಜಾತಿಯವು. ೨೦೨೦ರಲ್ಲಿ ಕೊವಿಡ್ ಪಿಡುಗು ಹಬ್ಬಿದಾಗ ಈ ಉಪೇಕ್ಷೆಯು ಲೋಕಕ್ಕೆಲ್ಲ ಬಯಲಾಯಿತು. ಕೆನಡಾದಂತಹ ಸಂಪನ್ನ ದೇಶದಲ್ಲಿಯೇ ಮೊದಲನೆಯ ಅಲೆಯಲ್ಲಿ ಸತ್ತ ನೂರರಲ್ಲಿ ಎಂಬತ್ತು ಮಂದಿ ಇಂತಹ ನಿವಾಸಗಳಲ್ಲಿದ್ದವರು. ಬಂಧುಗಳು ಒಳಗೆ ಹೋಗುವುದು ನಿಂತಾಗ, ಒಳಗೆ ನಡೆಯುವುದನ್ನು ನೋಡುವ ಕಣ್ಣುಗಳೂ ಇಲ್ಲವಾದುವು.

ಸೇವೆ ಮಾಡುವ ಕೈಗಳು

ಇಷ್ಟು ಹೇಳಿದ ಮಾತ್ರಕ್ಕೆ ದೋಷವನ್ನೆಲ್ಲ ದಾದಿಯರ ಮೇಲೆ ಹೊರಿಸಿದಂತಾಗಬಾರದು. ನಮ್ಮ ಅತ್ತೆಯವರಿದ್ದ ಆಶ್ರಮದ ಆ ಹುಡುಗಿಯನ್ನು ನಾವು ಆಮೇಲೆ ಕಂಡೆವು. ಹಗಲು ಪಾಳಿಯವಳು ಬಾರದಿದ್ದುದರಿಂದ ಆ ದಿನ ಬೆಳಗಿನಿಂದಲೂ ಅವಳೇ ದುಡಿದಿದ್ದಳು. ಮೂವತ್ತು ಮಂದಿಯಲ್ಲಿ ಹನ್ನೊಂದು ಮಂದಿಗೆ ತಾನೇ ಉಣ್ಣಿಸಬೇಕಾಗಿದ್ದಿತೆಂದು ಹೇಳಿದಳು. ಹೇಳುವಾಗ ಅತ್ತಳು. ಅವಳಿಗೆ ಯಾರೂ ಕೆಲಸ ಕಲಿಸಿರಲಿಲ್ಲ. ಮುದುಕರನ್ನು ಎತ್ತುವಾಗ ತನ್ನ ಬೆನ್ನನ್ನು ಕಾಪಾಡಿಕೊಳ್ಳುವ ಬಗೆಯನ್ನೂ ಹೇಳಿಕೊಟ್ಟಿರಲಿಲ್ಲ.

ಆದುದರಿಂದ ಆಶ್ರಮದ ಗುಣವನ್ನು ತಿಳಿಯಬೇಕಾದರೆ ಅಲ್ಲಿಯ ಕೆಲಸದವರ ಸ್ಥಿತಿಯನ್ನು ವಿಚಾರಿಸಬೇಕು. ಅವರು ಎಷ್ಟು ಮಂದಿ? ರಾತ್ರಿಯಲ್ಲಿ ಎಷ್ಟು ಮಂದಿ ಎಚ್ಚರವಾಗಿರುವರು? ಎಷ್ಟು ಕಾಲದಿಂದ ಇದ್ದಾರೆ? ಪ್ರತಿ ಮೂರು ತಿಂಗಳಿಗೆ ಹೊಸ ಮುಖಗಳು ಬರುವ ಮನೆಯಲ್ಲಿ ಯಾವ ಅಜ್ಜನಿಗೆ ಯಾವ ಕಿವಿ ಕೇಳಿಸುವುದಿಲ್ಲ, ಯಾವ ಅಜ್ಜಿ ಹಾಲು ಕುಡಿಯುವುದಿಲ್ಲ ಎಂಬುದನ್ನು ಯಾರು ಬಲ್ಲರು? ಸಂಬಳವನ್ನು ಸರಿಯಾಗಿ ಕೊಟ್ಟು, ವಾರಕ್ಕೊಂದು ದಿನ ಬಿಡುವು ಕೊಟ್ಟು, ಕೆಲಸದವರನ್ನು ಮನುಷ್ಯರಂತೆ ಕಾಣುವ ಆಶ್ರಮದಲ್ಲಿ ವೃದ್ಧರೂ ಮನುಷ್ಯರಂತೆ ಕಾಣಲ್ಪಡುವರು.

ನೋಡುವ ಬಗೆ

ಆಶ್ರಮವನ್ನು ನೋಡಲು ತಿಳಿಸಿ ಒಮ್ಮೆ ಹೋಗಿರಿ; ತಿಳಿಸದೆ ಎರಡು ಸಲ ಹೋಗಿರಿ. ಆ ಎರಡರಲ್ಲಿ ಒಂದು ಸಲ ಊಟದ ಹೊತ್ತಿಗೆ, ಇನ್ನೊಂದು ಸಲ ದೀಪ ಹಚ್ಚಿದ ಮೇಲೆ. ದೇವರ ಕೋಣೆಗಿಂತ ಮೊದಲು ಬಚ್ಚಲುಮನೆಯನ್ನು ನೋಡಿರಿ. ಮೂತ್ರದ ವಾಸನೆಯಿದೆಯೋ, ಅಥವಾ ಅದನ್ನು ಅಡಗಿಸಲು ಹಾಕಿದ ಫಿನಾಯಿಲಿನ ಘಾಟು ಇದೆಯೋ ಮೂಗಿಗೆ ತಿಳಿಯುವುದು. ವೃದ್ಧರ ಉಗುರುಗಳನ್ನೂ, ತುಟಿಗಳನ್ನೂ, ಹಿಮ್ಮಡಿಗಳನ್ನೂ ಗಮನಿಸಿರಿ. ಕೆಲಸದವರು ಅವರನ್ನು ಹೆಸರಿಟ್ಟು ಕರೆಯುವರೋ, ಇಲ್ಲವೆ ಮಂಚದ ಸಂಖ್ಯೆಯಿಂದ ಕರೆಯುವರೋ ಕೇಳಿಸಿಕೊಳ್ಳಿರಿ. ಅಲ್ಲಿಯ ಒಬ್ಬಿಬ್ಬರು ನಿವಾಸಿಗಳೊಡನೆ ವ್ಯವಸ್ಥಾಪಕರು ಇಲ್ಲದಾಗ ಕುಳಿತು ಮಾತನಾಡಿರಿ. ಮಾತನಾಡಲು ಬಿಡದಿದ್ದರೆ ಅದೇ ಉತ್ತರವೆಂದು ತಿಳಿದು ಹಿಂತಿರುಗಿ ಬರಬಹುದು.

ಬಳಿಕ ಕೇಳಬೇಕಾದ ಪ್ರಶ್ನೆಗಳಿವೆ. ವೈದ್ಯರು ಎಷ್ಟು ದಿನಕ್ಕೊಮ್ಮೆ ಬರುವರು? ಮಧ್ಯರಾತ್ರಿಯಲ್ಲಿ ಎದೆನೋವು ಬಂದರೆ ಯಾವ ಆಸ್ಪತ್ರೆಗೆ, ಯಾವ ವಾಹನದಲ್ಲಿ ಒಯ್ಯುವರು? ಕೊಟ್ಟ ಔಷಧವನ್ನು ಪುಸ್ತಕದಲ್ಲಿ ಬರೆದಿಡುವರೋ? ಯಾರಾದರೂ ಬಿದ್ದರೆ ಬಂಧುಗಳಿಗೆ ಯಾವಾಗ ತಿಳಿಸುವರು? ಕಳೆದ ವರ್ಷ ಎಷ್ಟು ಮಂದಿ ಬಿದ್ದರು? ಈ ಕಡೆಯ ಪ್ರಶ್ನೆಗೆ "ಒಬ್ಬರೂ ಇಲ್ಲ" ಎಂದವರಿಗಿಂತ, ಪುಸ್ತಕ ತೆಗೆದು ನೋಡಿ ಇಷ್ಟೆಂದು ಹೇಳಿ, ಆಮೇಲೆ ತಾವು ಮಾಡಿದ ತಿದ್ದುಪಾಟನ್ನು ತೋರಿಸಿದವರು ನಂಬಿಕೆಗೆ ಹೆಚ್ಚು ಅರ್ಹರು. ಕರಾರು ಪತ್ರವನ್ನು ಮನೆಗೆ ತಂದು ಓದಿ ಸಹಿ ಮಾಡಿರಿ. ಮುಂಗಡ ಹಣವು ಹಿಂದಿರುಗುವುದೋ, ಕಾಯಿಲೆ ಹೆಚ್ಚಿದರೆ ಹೊರಗೆ ಕಳುಹಿಸುವರೋ, ಶುಲ್ಕವನ್ನು ಯಾವಾಗ ಏರಿಸುವರು ಎಂಬಿವು ಅದರಲ್ಲಿ ಬರೆದಿರಬೇಕು.

ಕಾನೂನಿನ ಆಶ್ರಯ

ಇದೆಲ್ಲವೂ ಬಂಧುಗಳ ಜಾಗ್ರತೆಯ ಮಾತಾಯಿತು. ಬಂಧುಗಳೇ ಕೈಬಿಟ್ಟಾಗ? ೨೦೨೫ರ ಮಾರ್ಚಿಯಲ್ಲಿ ನಮ್ಮ ರಾಜ್ಯದ ವೈದ್ಯಕೀಯ ಶಿಕ್ಷಣದ ಸಚಿವರು, ಬೆಳಗಾವಿಯ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯೊಂದರಲ್ಲಿಯೇ ಮಕ್ಕಳು ವೃದ್ಧರನ್ನು ಬಿಟ್ಟುಹೋದ ೧೫೦ಕ್ಕೂ ಹೆಚ್ಚು ಪ್ರಸಂಗಗಳಿವೆಯೆಂದು ಹೇಳಿದ್ದನ್ನು ಪತ್ರಿಕೆಗಳಲ್ಲಿ ಓದಿ ತಲೆತಗ್ಗಿಸದವರಾರು?

ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆಗೂ ಕ್ಷೇಮಕ್ಕೂ ಸಂಬಂಧಿಸಿದ ಕಾನೂನು ೨೦೦೭ರಲ್ಲಿ ಆಗಿದೆ. ಅದರ ಪ್ರಕಾರ ತಮ್ಮನ್ನು ತಾವು ಸಲಹಿಕೊಳ್ಳಲಾರದ ತಂದೆತಾಯಿಗಳು ಮಕ್ಕಳಿಂದ ಪೋಷಣೆಯನ್ನು ಕೇಳಬಹುದು. ಮಕ್ಕಳಿಲ್ಲದ ಹಿರಿಯರು, ತಮ್ಮ ಆಸ್ತಿಯನ್ನು ಅನುಭವಿಸುತ್ತಿರುವ ಅಥವಾ ಮುಂದೆ ಪಡೆಯತಕ್ಕ ಬಂಧುಗಳಿಂದ ಕೇಳಬಹುದು. ದರ್ಖಾಸ್ತನ್ನು ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಲಿಗೆ ಕೊಡತಕ್ಕದ್ದು. ಕಮಲಾಪುರದವರಿಗೆ ಅದು ಹೊಸಪೇಟೆಯಲ್ಲಿಯೇ ಇದೆ. ೨೦೨೧ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಜಿಲ್ಲಾಧಿಕಾರಿಗಳ ಕಚೇರಿಯೂ ಅಲ್ಲಿಯೇ ಆಗಿದೆ. ನೋಟೀಸು ಮುಟ್ಟಿದ ೯೦ ದಿನಗಳೊಳಗೆ ತೀರ್ಮಾನವಾಗಬೇಕೆಂದು ಕಾನೂನು ಹೇಳುತ್ತದೆ. ವಿಶೇಷ ಕಾರಣವಿದ್ದರೆ ಇನ್ನು ೩೦ ದಿನ. ಹಿರಿಯರನ್ನು ನೋಡಿಕೊಳ್ಳಬೇಕಾದವರು ಅವರನ್ನು ಎಲ್ಲಿಯಾದರೂ ತೊರೆದುಹೋದರೆ ಮೂರು ತಿಂಗಳ ಸೆರೆವಾಸ, ಇಲ್ಲವೆ ೫,೦೦೦ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಆಗಬಹುದು. ಜಿಲ್ಲೆಗೊಂದರಂತೆಯಾದರೂ, ೧೫೦ ಮಂದಿ ಅನಾಥ ವೃದ್ಧರಿಗೆ ಇಂಬಾಗುವ ಆಶ್ರಮಗಳನ್ನು ರಾಜ್ಯ ಸರ್ಕಾರಗಳು ಸ್ಥಾಪಿಸಬಹುದೆಂದೂ ಅದರಲ್ಲಿದೆ. 'ಸ್ಥಾಪಿಸಬೇಕು' ಎನ್ನದೆ 'ಸ್ಥಾಪಿಸಬಹುದು' ಎಂದುದರಿಂದ ಆ ಕಲಮು ಸಡಿಲವಾಗಿ ಉಳಿಯಿತು. ೨೦೧೮ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ವೃದ್ಧರ ಮಾನ, ಆಶ್ರಯ, ಆರೋಗ್ಯಗಳು ಜೀವಿಸುವ ಹಕ್ಕಿನಲ್ಲಿಯೇ ಸೇರಿವೆಯೆಂದು ಹೇಳಿ, ಪ್ರತಿ ಜಿಲ್ಲೆಯಲ್ಲಿಯೂ ಎಷ್ಟು ಆಶ್ರಮಗಳಿವೆಯೆಂಬ ಲೆಕ್ಕವನ್ನು ಸಂಗ್ರಹಿಸುವಂತೆ ಅಪ್ಪಣೆ ಮಾಡಿತು.

ಗೃಹಸ್ಥರೆಲ್ಲರೂ ತಿಳಿಯಬೇಕಾದ ಇನ್ನೊಂದು ಕಲಮು ೨೩ನೆಯದು. ತನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಆಸ್ತಿಯನ್ನು ದಾನವಾಗಿ ಬರೆದುಕೊಟ್ಟು, ಪಡೆದವರು ನಡೆದುಕೊಳ್ಳದಿದ್ದರೆ, ಆ ಪತ್ರವನ್ನು ನ್ಯಾಯಮಂಡಲಿಯು ರದ್ದುಮಾಡಬಹುದು. ಆದರೆ ಷರತ್ತು ಇದ್ದುದಕ್ಕೆ ಆಧಾರ ಬೇಕೆಂದು ೨೦೨೨ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ೨೦೨೫ರ ಜನವರಿಯಲ್ಲಿ ಮಧ್ಯಪ್ರದೇಶದ ಛತರ್‌ಪುರದ ತಾಯಿಯೊಬ್ಬರ ಮೊಕದ್ದಮೆಯಲ್ಲಿ ಮಗನು ಸೇವೆಯ ಭಾಷೆಯನ್ನು ಬರಹದಲ್ಲಿ ಕೊಟ್ಟಿದ್ದುದರಿಂದ ದಾನಪತ್ರವು ರದ್ದಾಗಿ ಆಸ್ತಿಯು ತಾಯಿಗೆ ಹಿಂದಿರುಗಿತು. ಆದುದರಿಂದ ಬಾಯಿಮಾತನ್ನು ನಂಬಿ ರುಜು ಹಾಕಕೂಡದು. ಸಾಧ್ಯವಾದರೆ ಬದುಕಿರುವವರೆಗೆ ಬರೆದುಕೊಡಲೇ ಕೂಡದು. ಕೊಡುವುದೇ ಆದರೆ ಷರತ್ತನ್ನು ಪತ್ರದಲ್ಲಿಯೇ ಬರೆಯಿಸಬೇಕು. ಆಶ್ರಮಕ್ಕೇ ಆಸ್ತಿ ಬರೆದುಕೊಡೆಂದು ಯಾರಾದರೂ ಕೇಳಿದರೆ ಎರಡು ಪಟ್ಟು ಎಚ್ಚರಿಕೆ ಬೇಕು.

ಕಚೇರಿಗೆ ಹೋಗಲಾರದ ಹಿರಿಯರು ೧೪೫೬೭ ಎಂಬ ಸಂಖ್ಯೆಗೆ ದೂರವಾಣಿ ಮಾಡಬಹುದು. ಹಿರಿಯರಿಗಾಗಿ ದೇಶಕ್ಕೆಲ್ಲ ಒಂದೇ ಆಗಿರುವ ಈ ಸಹಾಯವಾಣಿಯು ೨೦೨೧ರಲ್ಲಿ ಆರಂಭವಾಯಿತು, ಇದಕ್ಕೆ ಶುಲ್ಕವಿಲ್ಲ. ಈ ಐದು ಅಂಕೆಗಳನ್ನು ದೊಡ್ಡಕ್ಷರದಲ್ಲಿ ಬರೆದು ಅಜ್ಜ ಅಜ್ಜಿಯರ ಮಂಚದ ಬಳಿಯಲ್ಲಿ ಅಂಟಿಸುವುದು ಮೊಮ್ಮಕ್ಕಳು ಮಾಡಬಹುದಾದ ಒಳ್ಳೆಯ ಕೆಲಸ.

ಉಪಾಧ್ಯಾಯರು ಮಾಡಿದ್ದು

ಕಮಲಾಪುರದ ಉಪಾಧ್ಯಾಯರಿಗೆ ನಾವು ಇದನ್ನೆಲ್ಲ ಪತ್ರದಲ್ಲಿ ಬರೆದು ಕಳುಹಿಸಿದೆವು. ನಮ್ಮ ಅತ್ತೆಯವರ ವಿಷಯವನ್ನೂ ಮುಚ್ಚಿಡದೆ ಬರೆದೆವು. ಅವರ ಅಕ್ಕನ ಹೆಸರಿನಲ್ಲಿದ್ದ ಸ್ವಲ್ಪ ಗದ್ದೆಯನ್ನು ಬರೆಸಿಕೊಳ್ಳಲು ಬಂಧುಗಳೊಬ್ಬರು ಆತುರಪಡುತ್ತಿದ್ದರಂತೆ. ಅದನ್ನು ಅವರು ತಡೆದರು. ಗದ್ದೆಯ ಗುತ್ತಿಗೆಯ ಹಣವನ್ನು ಅಕ್ಕನ ಖರ್ಚಿಗೇ ಮೀಸಲಿಟ್ಟರು. ಬಳಿಕ ಮೂರು ಆಶ್ರಮಗಳನ್ನು ನೋಡಿದರು.

ಮೊದಲನೆಯದು ಎಲ್ಲಕ್ಕಿಂತ ಸುಂದರವಾಗಿದ್ದಿತು. ರಾತ್ರಿ ಒಂಬತ್ತಕ್ಕೆ ತಿಳಿಸದೆ ಹೋದಾಗ ಬಾಗಿಲು ತೆಗೆಯುವವರೇ ಇರಲಿಲ್ಲ. ಎರಡನೆಯದರಲ್ಲಿ ಅಕ್ಕನನ್ನು ಮಹಡಿಯ ಮೇಲೆ ಇರಿಸುವೆವೆಂದರು. ಮೂರನೆಯದು ಹಳೆಯ ಕಟ್ಟಡ. ಗೋಡೆಗೆ ಸುಣ್ಣ ಬಳಿದು ಬಹಳ ದಿನಗಳಾಗಿದ್ದುವು. ಆದರೆ ಬಚ್ಚಲಿನಲ್ಲಿ ಕಂಬಿಯಿದ್ದಿತು. ಇವರು ಕುಳಿತಿದ್ದಾಗ ಒಳಗಿನ ಕೋಣೆಯಿಂದ ಯಾರೋ ಕ್ಷೀಣವಾಗಿ ಕರೆದರು. ಇವರು ಗಡಿಯಾರ ನೋಡುವಷ್ಟರಲ್ಲಿ ಒಬ್ಬ ಹೆಂಗಸು "ಬಂದೆ ಅಜ್ಜಿ" ಎಂದು ಕೈಯೊರಸಿಕೊಳ್ಳುತ್ತ ಎದ್ದುಹೋದಳಂತೆ. ತಮ್ಮ ಪತ್ರದಲ್ಲಿ ಅವರು ಇದಕ್ಕಿಂತ ಹೆಚ್ಚಿನ ಕಾರಣವನ್ನು ಬರೆದಿರಲಿಲ್ಲ.

ನಿರ್ಧಾರಕ್ಕೆ ಮುನ್ನ ಅಕ್ಕನನ್ನೇ ಕರೆದೊಯ್ದು ತೋರಿಸಿದರು. ನಾವು ಬರೆಯಲು ಮರೆತಿದ್ದ ಮುಖ್ಯವಾದ ಮಾತು ಇದು: ಇರಬೇಕಾದವರು ಅವರು, ಒಪ್ಪಿಗೆಯೂ ಅವರದೇ ಆಗಬೇಕು. ಆಕೆ ಕಿಟಕಿಯ ಪಕ್ಕದ ಮಂಚ ಬೇಕೆಂದರು. ತಮ್ಮ ತಾಮ್ರದ ಚೊಂಬನ್ನು ತರಲು ಬಿಡಬೇಕೆಂದರು. ಬೇಸಗೆಯ ಎರಡು ತಿಂಗಳು ತಮ್ಮನ ಮನೆಗೆ ಬರುವೆನೆಂದರು. ಮೂರಕ್ಕೂ ಆಶ್ರಮದವರು ಒಪ್ಪಿದರು.

ಈಗ ಉಪಾಧ್ಯಾಯರು ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತಾರೆ. ಯಾವ ವಾರ ಎಂಬುದನ್ನು ಯಾರಿಗೂ ಹೇಳುವುದಿಲ್ಲ. ಹೋದಾಗ ಅಕ್ಕನ ಪಕ್ಕದ ಮಂಚಗಳವರನ್ನೂ ಮಾತನಾಡಿಸುತ್ತಾರೆ, ಏಕೆಂದರೆ ಅವರಲ್ಲಿ ಇಬ್ಬರಿಗೆ ಯಾರೂ ಬರುವವರಿಲ್ಲ. ಹಣ ಕಟ್ಟಿದ ರಸೀತಿಯಿಂದ ನಮ್ಮ ಹೊಣೆಯು ತೀರುವುದಿಲ್ಲವೆಂಬುದನ್ನು ನಾವು ಬಹಳ ಬೆಲೆ ಕೊಟ್ಟು ಕಲಿತೆವು. ನಮ್ಮ ವಾಚಕರಲ್ಲಿ ಯಾರ ಮನೆಯ ಹಿರಿಯರಾದರೂ ಇಂತಹ ಕಡೆಯಲ್ಲಿದ್ದರೆ, ಅವರು ಈ ವಾರವೇ ಒಂದು ಸಂಜೆ ಹೇಳದೆ ಹೋಗಿ ಬಚ್ಚಲುಮನೆಯನ್ನು ನೋಡಿ, ಸ್ವಲ್ಪ ಹೊತ್ತು ಮಂಚದ ಬಳಿಯಲ್ಲಿ ಕುಳಿತು ಬರಲಿ ಎಂದು ಪ್ರಾರ್ಥಿಸುತ್ತೇವೆ.